ಡಿಸ್ಕ್ ಗಾಲ್ಫ್ ಡ್ರೈವರ್‌ಗಳ ಆಯ್ಕೆ: ಅಚ್ಚು ಯಾವುದು, ಪ್ಲಾಸ್ಟಿಕ್ ಯಾವುದು

ತಟ್ಟೆಯಾಕಾರದ ಡಿಸ್ಕನ್ನು ಎಸೆದು ಬಾಸ್ಕೆಟ್ಟಿಗೆ ಮುಟ್ಟಿಸುವ ಡಿಸ್ಕ್ ಗಾಲ್ಫ್ ಆಟಕ್ಕೆ ಡ್ರೈವರ್, ಅಂದರೆ ದೂರದ ಎಸೆತದ ಡಿಸ್ಕ್, ಆರಿಸಿಕೊಳ್ಳುವವರು ಒಂದೇ ಹೊತ್ತಿಗೆ ಎರಡು ನಿರ್ಧಾರಗಳನ್ನು ಮಾಡಬೇಕಾಗುತ್ತದೆ. ಮೊದಲನೆಯದು ಅಚ್ಚಿಗೆ ಸಂಬಂಧಿಸಿದ್ದು; ರಿಮ್, ಅಂದರೆ ಡಿಸ್ಕಿನ ಅಂಚಿನ ಪಟ್ಟಿ, ಎಷ್ಟು ಅಗಲವಿರಬೇಕು, ಅದರ ಮೂತಿ, ಅಂದರೆ ಹೊರತುದಿ, ಎಷ್ಟು ಎತ್ತರದಲ್ಲಿರಬೇಕು ಎಂಬುದನ್ನೆಲ್ಲ ತೀರ್ಮಾನಿಸುವುದು ಅಚ್ಚು. ಎರಡನೆಯದು ಆ ಅಚ್ಚಿನೊಳಗೆ ತುಂಬಿದ ಪ್ಲಾಸ್ಟಿಕ್ಕಿಗೆ ಸಂಬಂಧಿಸಿದ್ದು. ಇನೋವಾ ಕಂಪನಿಯ ಟೀಬರ್ಡ್ ಎಂಬ ಡ್ರೈವರ್ ಡಿಎಕ್ಸ್, ಸ್ಟಾರ್, ಚಾಂಪಿಯನ್ ಮೊದಲಾದ ಹಲವು ಪ್ಲಾಸ್ಟಿಕ್‌ಗಳಲ್ಲಿ ದೊರೆಯುತ್ತದೆ. ಹೆಸರು ಒಂದೇ, ನಮೂದಿಸಿದ ಅಂಕಿಗಳೂ ಒಂದೇ. ಆದರೆ ಮೂರನ್ನೂ ಒಂದೇ ಕೈಯಿಂದ, ಒಂದೇ ಕೋನದಲ್ಲಿ ಎಸೆದರೆ ಹೊಸದರಲ್ಲಿಯೇ ಸಣ್ಣ ವ್ಯತ್ಯಾಸ ಕಾಣುತ್ತದೆ, ಒಂದು ಋತುವಿನ ಆಟ ಮುಗಿಯುವಷ್ಟರಲ್ಲಿ ಅವು ಮೂರು ಬೇರೆ ಬೇರೆ ಡಿಸ್ಕ್‌ಗಳೇ ಆಗಿಬಿಟ್ಟಿರುತ್ತವೆ. ಆದ್ದರಿಂದ ಪ್ಲಾಸ್ಟಿಕ್ ಎಂದರೆ ಕೇವಲ ಹಿಡಿತ ಮತ್ತು ಬಾಳಿಕೆಯ ಪ್ರಶ್ನೆ ಎಂದು ತಿಳಿಯುವುದು ಅರ್ಧ ಸರಿ. ಅಚ್ಚನ್ನು ತೋಳಿನ ವೇಗಕ್ಕೆ ತಕ್ಕಂತೆ ಆರಿಸಬೇಕು. ಆ ಅಚ್ಚಿನ ಹಾರಾಟ ಎಷ್ಟು ಕಾಲ ಇದ್ದ ಹಾಗೆಯೇ ಇರಬೇಕು ಎಂಬುದನ್ನು ಯೋಚಿಸಿ ಪ್ಲಾಸ್ಟಿಕ್ಕನ್ನು ಆರಿಸಬೇಕು. ಈ ಬರಹದಲ್ಲಿ ಎಡ, ಬಲ ಎಂದು ಬಂದಲ್ಲೆಲ್ಲ ಬಲಗೈ ಆಟಗಾರರ ಬ್ಯಾಕ್‌ಹ್ಯಾಂಡ್ ಎಸೆತವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಾಗಿದೆ. ಎಡಗೈಯಿಂದ ಬ್ಯಾಕ್‌ಹ್ಯಾಂಡ್ ಎಸೆಯುವವರು ಮತ್ತು ಬಲಗೈಯಿಂದ ಫೋರ್‌ಹ್ಯಾಂಡ್ ಎಸೆಯುವವರು ದಿಕ್ಕುಗಳನ್ನು ಅದಲುಬದಲು ಮಾಡಿಕೊಂಡರೆ ಸಾಕು.

ನಾಲ್ಕು ಅಂಕಿಗಳು

ಬಹುತೇಕ ತಯಾರಕರು ಇಂದು ಡಿಸ್ಕಿನ ಮೇಲೆ ನಾಲ್ಕು ಅಂಕಿಗಳನ್ನು ಅಚ್ಚೊತ್ತುತ್ತಾರೆ: ಸ್ಪೀಡ್, ಗ್ಲೈಡ್, ಟರ್ನ್, ಫೇಡ್. ಇನೋವಾ ಜನಪ್ರಿಯಗೊಳಿಸಿದ ಈ ಪದ್ಧತಿಯಲ್ಲಿ ಸ್ಪೀಡ್ 1ರಿಂದ ಸುಮಾರು 14ರವರೆಗೆ, ಗ್ಲೈಡ್ 1ರಿಂದ 7ರವರೆಗೆ, ಟರ್ನ್ +1ರಿಂದ -5ರವರೆಗೆ, ಫೇಡ್ 0ಯಿಂದ 5ರವರೆಗೆ ಇರುತ್ತದೆ. ಗ್ಲೈಡ್ ಎಂಬುದು ಡಿಸ್ಕ್ ಗಾಳಿಯಲ್ಲಿ ತೇಲುವ ಗುಣ. ಟರ್ನ್ ಎಂಬುದು ಎಸೆತದ ಆರಂಭದ ವೇಗದಲ್ಲಿ ಡಿಸ್ಕ್ ಬಲಕ್ಕೆ ವಾಲುವ ಗುಣ, ಅಂಕಿ ಸೊನ್ನೆಗಿಂತ ಕೆಳಗಿಳಿದಷ್ಟೂ ಅದು ಹೆಚ್ಚು. ಫೇಡ್ ಎಂಬುದು ವೇಗ ಕುಗ್ಗಿದಾಗ ಅದು ಎಡಕ್ಕೆ ತಿರುಗಿ ಇಳಿಯುವ ಗುಣ. ಬಲಕ್ಕೆ ವಾಲಲು ಒಪ್ಪದೆ ಬೇಗನೆ ಎಡಕ್ಕೆ ಸರಿಯುವ ಡಿಸ್ಕನ್ನು ಓವರ್‌ಸ್ಟೇಬಲ್ ಎಂದೂ, ಸುಲಭವಾಗಿ ಬಲಕ್ಕೆ ವಾಲುವುದನ್ನು ಅಂಡರ್‌ಸ್ಟೇಬಲ್ ಎಂದೂ ಕರೆಯುತ್ತಾರೆ.

ಒಂದೇ ಹಾರಾಟದಲ್ಲಿ ಎರಡು ವಿರುದ್ಧ ದಿಕ್ಕುಗಳ ಚಲನೆ ಏಕೆ ಬರುತ್ತದೆ ಎಂಬುದನ್ನು ತಿಳಿದುಕೊಂಡರೆ ಮುಂದಿನ ಹೋಲಿಕೆಗಳೆಲ್ಲ ಸುಲಭವಾಗುತ್ತವೆ. ಬಲಗೈ ಬ್ಯಾಕ್‌ಹ್ಯಾಂಡ್‌ನಲ್ಲಿ ಡಿಸ್ಕ್ ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತದೆ. ತಿರುಗುವ ವಸ್ತುವಿನ ಮೂತಿಯನ್ನು, ಅಂದರೆ ಇಲ್ಲಿ ಅದರ ಮುಂದಿನ ಅಂಚನ್ನು, ಮೇಲಕ್ಕೋ ಕೆಳಕ್ಕೋ ಒತ್ತಿದರೆ ಅದು ಒತ್ತಿದ ದಿಕ್ಕಿಗೆ ಬಾಗದೆ, ತೊಂಬತ್ತು ಡಿಗ್ರಿ ಆಚೆಗೆ, ಎಂದರೆ ಪಕ್ಕಕ್ಕೆ ವಾಲುತ್ತದೆ. ವೇಗ ಹೆಚ್ಚಿರುವಾಗ ಡಿಸ್ಕ್ ಗಾಳಿಯನ್ನು ಬಹಳ ಸಣ್ಣ ಕೋನದಲ್ಲಿ ಸೀಳುತ್ತಿರುತ್ತದೆ, ಆಗ ಗಾಳಿಯ ಒತ್ತಡ ಮೂತಿಯನ್ನು ಕೆಳಕ್ಕೆ ತಳ್ಳುವಂತಿದ್ದರೆ ಡಿಸ್ಕ್ ಬಲಕ್ಕೆ ವಾಲುತ್ತದೆ. ವೇಗ ಕುಗ್ಗಿ ಡಿಸ್ಕ್ ಇಳಿಯತೊಡಗಿದಾಗ ಗಾಳಿ ಕೆಳಗಿನಿಂದ ಬಡಿಯುವ ಕೋನ ದೊಡ್ಡದಾಗುತ್ತದೆ, ಎತ್ತುವ ಬಲದ ಕೇಂದ್ರ ಡಿಸ್ಕಿನ ಮಧ್ಯದಿಂದ ಮುಂದಕ್ಕೆ ಸರಿಯುತ್ತದೆ, ಮೂತಿ ಮೇಲಕ್ಕೆ ಒತ್ತಲ್ಪಡುತ್ತದೆ, ಅದರ ಫಲವಾಗಿ ಡಿಸ್ಕ್ ಎಡಕ್ಕೆ ಬೀಳುತ್ತದೆ. ಅಂದರೆ ಟರ್ನ್ ಕಾಣಬೇಕಾದರೆ ವೇಗ ಬೇಕು. ನಿಧಾನವಾಗಿ ಎಸೆಯುವವರ ಕೈಯಲ್ಲಿ ಎಷ್ಟೋ ಡ್ರೈವರ್‌ಗಳು ಟರ್ನ್ ಹಂತವನ್ನೇ ಮುಟ್ಟದೆ ನೇರವಾಗಿ ಫೇಡ್‌ಗೆ ಹೋಗುವುದು ಇದೇ ಕಾರಣದಿಂದ.

ಇಲ್ಲಿ ಒಂದು ಮಾತು ಹೇಳಬೇಕು. ಪ್ರೊಫೆಷನಲ್ ಡಿಸ್ಕ್ ಗಾಲ್ಫ್ ಅಸೋಸಿಯೇಷನ್, ಅಂದರೆ ಪಿಡಿಜಿಎ, ಡಿಸ್ಕ್‌ಗಳ ಅಳತೆ ತೂಕಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುತ್ತದೆಯೇ ಹೊರತು ಈ ನಾಲ್ಕು ಅಂಕಿಗಳನ್ನಲ್ಲ. ಅವನ್ನು ಕೊಡುವವರು ತಯಾರಕರೇ. ಹಾಗಾಗಿ ಒಂದೇ ಕಂಪನಿಯ ಎರಡು ಡಿಸ್ಕ್‌ಗಳನ್ನು ಅಂಕಿಗಳಿಂದ ಹೋಲಿಸುವುದು ಒಂದು ಮಟ್ಟಿಗೆ ನಂಬಲರ್ಹ. ಬೇರೆ ಬೇರೆ ಕಂಪನಿಗಳ ಡಿಸ್ಕ್‌ಗಳ ನಡುವೆ ಅದೇ ಹೋಲಿಕೆ ಮಾಡುವಾಗ ಒಂದು ಅಂಕಿಯಷ್ಟು ವ್ಯತ್ಯಾಸವನ್ನು ಲೆಕ್ಕಕ್ಕೇ ತೆಗೆದುಕೊಳ್ಳಬಾರದು.

ಸ್ಪೀಡಿನ ಆಸೆ

ನಾಲ್ಕರಲ್ಲಿ ಅತಿ ಹೆಚ್ಚು ತಪ್ಪು ತಿಳಿವಳಿಕೆಗೆ ಒಳಗಾಗಿರುವುದು ಸ್ಪೀಡ್. ಅದು ಡಿಸ್ಕ್ ಎಷ್ಟು ವೇಗವಾಗಿ ಹೋಗುತ್ತದೆ ಎಂಬುದನ್ನು ಹೇಳುವುದಿಲ್ಲ. ಆ ಡಿಸ್ಕ್ ತನ್ನ ಉದ್ದೇಶಿತ ರೀತಿಯಲ್ಲಿ ಹಾರಬೇಕಾದರೆ ಅದನ್ನು ಎಷ್ಟು ವೇಗವಾಗಿ ಎಸೆಯಬೇಕು ಎಂಬುದನ್ನು ಹೇಳುತ್ತದೆ. ಸ್ಪೀಡ್ ಮುಖ್ಯವಾಗಿ ರಿಮ್ಮಿನ ಅಗಲವನ್ನು ಅವಲಂಬಿಸಿದೆ. ಸಾಮಾನ್ಯವಾಗಿ 6ರಿಂದ 9ರವರೆಗಿನ ಸ್ಪೀಡಿನವು ಫೇರ್‌ವೇ ಡ್ರೈವರ್‌ಗಳು, ಇವುಗಳ ರಿಮ್ ಎರಡು ಸೆಂಟಿಮೀಟರಿಗಿಂತ ಕಡಿಮೆ ಅಗಲ. 10 ಮತ್ತು ಅದಕ್ಕೂ ಮೇಲಿನವು ಡಿಸ್ಟೆನ್ಸ್ ಡ್ರೈವರ್‌ಗಳು, ಇವುಗಳಲ್ಲಿ ವೇಗದವುಗಳ ರಿಮ್ ಎರಡು ಸೆಂಟಿಮೀಟರನ್ನು ದಾಟುತ್ತದೆ. ಪಿಡಿಜಿಎ ನಿಯಮದ ಪ್ರಕಾರ ರಿಮ್ 2.6 ಸೆಂಟಿಮೀಟರಿಗಿಂತ ಅಗಲವಿರುವಂತಿಲ್ಲ. ಅಗಲ ರಿಮ್ ಗಾಳಿಯ ತಡೆಯನ್ನು ಕಡಿಮೆ ಮಾಡುತ್ತದೆ ಎಂಬುದೇನೋ ನಿಜ, ಆದರೆ ಅದಕ್ಕೆ ತಕ್ಕ ವೇಗ ಸಿಗದಿದ್ದರೆ ಡಿಸ್ಕ್ ಹಾರುವುದಕ್ಕೆ ಮೊದಲೇ ಎಡಕ್ಕೆ ಮುಗ್ಗರಿಸುತ್ತದೆ. ಚಿಕ್ಕ ಕೈಯವರಿಗೆ ಅದನ್ನು ಬಿಗಿಯಾಗಿ ಹಿಡಿಯುವುದೂ ಕಷ್ಟ.

2016ರಲ್ಲಿ ಡೇವಿಡ್ ವಿಗ್ಗಿನ್ಸ್ ಜೂನಿಯರ್ ನೆವಾಡಾದ ಪ್ರಿಮ್ ಎಂಬಲ್ಲಿ 338 ಮೀಟರ್ ದೂರ ಎಸೆದದ್ದನ್ನು ತೋರಿಸಿ ಅತಿ ವೇಗದ ಡ್ರೈವರ್‌ಗಳನ್ನು ಹೊಗಳುವವರಿದ್ದಾರೆ. ಅಲ್ಲಿ ಮರುಭೂಮಿಯ ಜೋರು ಗಾಳಿ ಬೆನ್ನಿಗಿತ್ತು, ಎಸೆದ ತೋಳೂ ಸಾಮಾನ್ಯದ್ದಲ್ಲ. ಅದನ್ನು ಕೊಳ್ಳುವ ನಿರ್ಧಾರಕ್ಕೆ ಆಧಾರ ಮಾಡಿಕೊಳ್ಳುವುದರಲ್ಲಿ ಅರ್ಥವಿಲ್ಲ.

ನನ್ನ ಅಳತೆಗೋಲು ಸರಳ. ಗಾಳಿಯಿಲ್ಲದ ಬಯಲಿನಲ್ಲಿ ಮಿಡ್‌ರೇಂಜ್, ಅಂದರೆ ಮಧ್ಯಮ ದೂರದ, ಡಿಸ್ಕನ್ನು 60 ಮೀಟರ್ ಆಚೆಗೆ ನೇರವಾಗಿ ಕಳಿಸಲಾಗದವರಿಗೆ ಡ್ರೈವರ್‌ನಿಂದ ದೊರೆಯುವ ಲಾಭ ಅತ್ಯಲ್ಪ. ಅದನ್ನು ದಾಟಿದವರು 6 ಅಥವಾ 7 ಸ್ಪೀಡಿನ ಫೇರ್‌ವೇ ಡ್ರೈವರ್ ಹಿಡಿಯಬಹುದು. ಫೇರ್‌ವೇ ಡ್ರೈವರ್‌ನಲ್ಲೇ 90 ಮೀಟರ್ ಮುಟ್ಟುವವರೆಗೆ 12 ಸ್ಪೀಡಿನ ಡಿಸ್ಕ್‌ಗಳನ್ನು ದೂರವಿಡುವುದು ಒಳ್ಳೆಯದು, ಏಕೆಂದರೆ ಅವು ದೂರ ಕೊಡದಿದ್ದರೆ ಹೋಗಲಿ, ಎಸೆತದ ದೋಷಗಳನ್ನು ಫೇಡ್‌ನ ಹಿಂದೆ ಮುಚ್ಚಿಟ್ಟು ಕಲಿಕೆಯನ್ನೇ ತಡಮಾಡುತ್ತವೆ.

ಪ್ಲಾಸ್ಟಿಕ್ಕಿನ ಬಗೆಗಳು

ಪ್ರತಿ ಕಂಪನಿಯೂ ತನ್ನ ಪ್ಲಾಸ್ಟಿಕ್‌ಗಳಿಗೆ ತನ್ನದೇ ಹೆಸರುಗಳನ್ನಿಟ್ಟಿರುವುದರಿಂದ ಪಟ್ಟಿ ನೋಡಿದಾಗ ತಲೆ ತಿರುಗುತ್ತದೆ, ಆದರೆ ಡ್ರೈವರ್‌ಗಳ ಮಟ್ಟಿಗೆ ಬಗೆಗಳು ಕೆಲವೇ. ಮೊದಲನೆಯದು ಮೂಲ ದರ್ಜೆಯ ಪ್ಲಾಸ್ಟಿಕ್: ಇನೋವಾದ ಡಿಎಕ್ಸ್, ಡಿಸ್ಕ್ರಾಫ್ಟ್‌ನ ಪ್ರೊ-ಡಿ, ಡೈನಾಮಿಕ್ ಡಿಸ್ಕ್ಸ್‌ನ ಪ್ರೈಮ್, ಲ್ಯಾಟಿಟ್ಯೂಡ್ 64ರ ರೆಟ್ರೊ, ಕಾಸ್ಟಪ್ಲಾಸ್ಟ್‌ನ ಕೆ3 ಈ ಸಾಲಿನವು. ಬೆಲೆ ಕಡಿಮೆ, ಒಣ ಕೈಗೆ ಹಿಡಿತ ಚೆನ್ನಾಗಿ ಸಿಗುತ್ತದೆ, ಮರಕ್ಕೆ ಬಡಿದರೆ ಅಂಚು ಬೇಗ ಜಜ್ಜುತ್ತದೆ.

ಎರಡನೆಯದು ಪಾರದರ್ಶಕ, ಗಟ್ಟಿ ಪ್ರೀಮಿಯಂ ಪ್ಲಾಸ್ಟಿಕ್. ಇನೋವಾದ ಚಾಂಪಿಯನ್, ಡಿಸ್ಕ್ರಾಫ್ಟ್‌ನ ಝಡ್, ಡೈನಾಮಿಕ್ ಡಿಸ್ಕ್ಸ್‌ನ ಲುಸಿಡ್, ಲ್ಯಾಟಿಟ್ಯೂಡ್ 64ರ ಆಪ್ಟೊ, ವೆಸ್ಟ್‌ಸೈಡ್‌ನ ವಿಐಪಿ, ಡಿಸ್ಕ್‌ಮೇನಿಯಾದ ಸಿ-ಲೈನ್ ಇಲ್ಲಿಗೆ ಸೇರುತ್ತವೆ. ಪ್ರೀಮಿಯಂ ಪ್ಲಾಸ್ಟಿಕ್‌ಗಳು ಬಹುಮಟ್ಟಿಗೆ ಥರ್ಮೋಪ್ಲಾಸ್ಟಿಕ್ ಪಾಲಿಯುರೆಥೇನ್ ಆಧಾರಿತವಾದವು. ಪೆಟ್ಟು ತಡೆಯುವ ಶಕ್ತಿ ಇವುಗಳಿಗೆ ಅಲ್ಲಿಂದಲೇ ಬರುತ್ತದೆ. ಪಾರದರ್ಶಕ ಬಗೆಯಲ್ಲಿ ಬಾಳಿಕೆ ಎಲ್ಲಕ್ಕಿಂತ ಹೆಚ್ಚು, ಮೇಲ್ಮೈ ನುಣುಪು, ಬೆವರಿದ ಅಥವಾ ಒದ್ದೆಯಾದ ಕೈಯಿಂದ ಜಾರುವ ಸಾಧ್ಯತೆಯೂ ಹೆಚ್ಚು.

ಮೂರನೆಯದು ಅಪಾರದರ್ಶಕ ಪ್ರೀಮಿಯಂ: ಸ್ಟಾರ್, ಇಎಸ್‌ಪಿ, ಫ್ಯೂಜನ್, ಎಸ್-ಲೈನ್ ಇತ್ಯಾದಿ. ಚಾಂಪಿಯನ್ ಬಗೆಗಿಂತ ಸ್ವಲ್ಪ ಮೆದು, ಹಿಡಿತ ಉತ್ತಮ, ಬಾಳಿಕೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಒಂದೇ ಒಂದು ಡ್ರೈವರ್ ಇಟ್ಟುಕೊಳ್ಳುವೆನೆಂದರೆ ಈ ಬಗೆಯನ್ನೇ ತೆಗೆದುಕೊಳ್ಳಿ ಎನ್ನುತ್ತೇನೆ. ಲ್ಯಾಟಿಟ್ಯೂಡ್ 64ರ ಗೋಲ್ಡ್ ಎರಡನೆಯ ಮತ್ತು ಮೂರನೆಯ ಬಗೆಗಳ ನಡುವೆ ನಿಲ್ಲುತ್ತದೆ.

ಮೂಲ ದರ್ಜೆಗೂ ಪ್ರೀಮಿಯಂಗೂ ನಡುವೆ ಇನೋವಾದ ಪ್ರೊ, ಡಿಸ್ಕ್ರಾಫ್ಟ್‌ನ ಎಕ್ಸ್ ಮೊದಲಾದವು ಇವೆ. ಅಂಟಿದಂತಹ ಹಿಡಿತ, ಸಾಧಾರಣ ಬಾಳಿಕೆ. ಇವಲ್ಲದೆ ಚಳಿಗೆಂದೇ ಮೆದುವಾಗಿ ತಯಾರಿಸಿದ ಜಿಸ್ಟಾರ್, ಝಡ್ ಫ್ಲೆಕ್ಸ್ ಬಗೆಗಳಿವೆ. ಪ್ಲಾಸ್ಟಿಕ್ಕಿನೊಳಗೆ ಅತಿ ಸಣ್ಣ ಗಾಳಿಗುಳ್ಳೆಗಳನ್ನು ತುಂಬಿ ತೂಕ ಇಳಿಸಿದ ಬ್ಲಿಝರ್ಡ್, ಆಪ್ಟೊ ಏರ್ ಬಗೆಗಳೂ ಇವೆ. ಎಂವಿಪಿ ಮತ್ತು ಆಕ್ಸಿಯಮ್ ಕಂಪನಿಗಳದು ಬೇರೆಯದೇ ದಾರಿ: ಒಳಗಿನ ಭಾಗಕ್ಕೆ ನ್ಯೂಟ್ರಾನ್, ಪ್ರೋಟಾನ್, ಪ್ಲಾಸ್ಮಾ ಎಂಬ ಪ್ಲಾಸ್ಟಿಕ್‌ಗಳನ್ನು ಬಳಸಿ, ಹೊರ ಅಂಚಿಗೆ ಹೆಚ್ಚು ಸಾಂದ್ರವಾದ ಇನ್ನೊಂದು ಪ್ಲಾಸ್ಟಿಕ್ಕಿನ ಬಳೆಯನ್ನು ಕೂಡಿಸುತ್ತಾರೆ. ತೂಕ ಅಂಚಿನ ಕಡೆಗೆ ಸರಿದಷ್ಟೂ ಡಿಸ್ಕ್ ತನ್ನ ತಿರುಗುವಿಕೆಯನ್ನು ಹೆಚ್ಚು ಹೊತ್ತು ಉಳಿಸಿಕೊಳ್ಳುತ್ತದೆ ಎಂಬುದು ಅದರ ಹಿಂದಿನ ತರ್ಕ.

ಒಂದೇ ಅಚ್ಚು, ಬೇರೆ ಹಾರಾಟ

ಬಿಸಿ ಪ್ಲಾಸ್ಟಿಕ್ಕನ್ನು ಒತ್ತಡದಲ್ಲಿ ಅಚ್ಚಿಗೆ ತುಂಬಿ, ತಣಿದ ಮೇಲೆ ಹೊರತೆಗೆಯುವುದು ಡಿಸ್ಕ್ ತಯಾರಿಕೆಯ ಕ್ರಮ. ತಣಿಯುವಾಗ ಪ್ಲಾಸ್ಟಿಕ್ ಕುಗ್ಗುತ್ತದೆ. ಎಲ್ಲ ಪ್ಲಾಸ್ಟಿಕ್‌ಗಳೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಕುಗ್ಗುವಿಕೆಯ ಈ ಸಣ್ಣ ಅಂತರ ಎರಡು ಕಡೆ ಎದ್ದು ಕಾಣುತ್ತದೆ. ಒಂದು, ಮೇಲ್ಭಾಗದ ಉಬ್ಬು, ಆಟಗಾರರು ಡೋಮ್ ಎನ್ನುವುದು. ಇನ್ನೊಂದು, ರಿಮ್ಮಿನ ಮೂತಿ ಕೆಳ ಅಂಚಿನಿಂದ ಎಷ್ಟು ಎತ್ತರದಲ್ಲಿದೆ ಎಂಬುದು. ಉಬ್ಬು ಹೆಚ್ಚಿದ್ದರೆ ಸಾಮಾನ್ಯವಾಗಿ ಗ್ಲೈಡ್ ಹೆಚ್ಚು, ಚಪ್ಪಟೆಯಾಗಿದ್ದರೆ ಕಡಿಮೆ. ಮೂತಿ ಎತ್ತರದಲ್ಲಿದ್ದಷ್ಟೂ ಡಿಸ್ಕ್ ಓವರ್‌ಸ್ಟೇಬಲ್ ಕಡೆಗೆ, ತಗ್ಗಿದಷ್ಟೂ ಅಂಡರ್‌ಸ್ಟೇಬಲ್ ಕಡೆಗೆ ಸರಿಯುತ್ತದೆ. ಈ ಎತ್ತರದಲ್ಲಿ ಒಂದು ಮಿಲಿಮೀಟರಿಗಿಂತ ಕಡಿಮೆ ವ್ಯತ್ಯಾಸವೂ ಹಾರಾಟದಲ್ಲಿ ಗೊತ್ತಾಗುತ್ತದೆ. ಹೀಗಾಗಿಯೇ ಒಂದೇ ಅಚ್ಚಿನ ಚಾಂಪಿಯನ್ ಡಿಸ್ಕ್ ಸ್ಟಾರ್‌ಗಿಂತ, ಸ್ಟಾರ್ ಡಿಸ್ಕ್ ಪ್ರೊ ಅಥವಾ ಡಿಎಕ್ಸ್‌ಗಿಂತ ತುಸು ಹೆಚ್ಚು ಓವರ್‌ಸ್ಟೇಬಲ್ ಎಂಬ ಮಾತು ಬಹುಪಾಲು ನಿಜವಾಗುವುದು. ಬಹುಪಾಲು ಎಂದದ್ದಕ್ಕೆ ಕಾರಣವಿದೆ: ಒಂದೇ ಪ್ಲಾಸ್ಟಿಕ್ಕಿನಲ್ಲಿಯೂ ಒಂದು ಸಲದ ತಯಾರಿಕೆಯವುಗಳಿಗೂ ಇನ್ನೊಂದು ಸಲದವುಗಳಿಗೂ ವ್ಯತ್ಯಾಸ ಬರುತ್ತದೆ, ಕೆಲವೊಮ್ಮೆ ಅದು ಪ್ಲಾಸ್ಟಿಕ್‌ಗಳ ನಡುವಿನ ವ್ಯತ್ಯಾಸಕ್ಕಿಂತಲೂ ದೊಡ್ಡದಾಗಿರುತ್ತದೆ. ಡಿಸ್ಕ್ ಕೈಗೆ ಸಿಕ್ಕಾಗ ಎರಡನ್ನು ಸಮತಟ್ಟಾದ ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು, ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು ನೋಡಿದರೆ ಮೂತಿಯ ಎತ್ತರವೂ ಉಬ್ಬಿನ ಪ್ರಮಾಣವೂ ತಿಳಿಯುತ್ತವೆ. ಅಂಕಿಗಳಿಗಿಂತ ಈ ನೋಟವನ್ನು ನಾನು ಹೆಚ್ಚು ನಂಬುತ್ತೇನೆ.

ಇದು ಹೊಸ ಡಿಸ್ಕಿನ ಮಾತಾಯಿತು. ಆಟದಲ್ಲಿ ಡಿಸ್ಕ್ ಮರಕ್ಕೆ, ಕಲ್ಲಿಗೆ, ಬಾಸ್ಕೆಟ್ಟಿನ ಕಂಬಕ್ಕೆ ಬಡಿದಂತೆಲ್ಲ ರಿಮ್ಮಿನ ಮೂತಿ ಜಜ್ಜಿ ತಗ್ಗುತ್ತದೆ, ಡಿಸ್ಕ್ ನಿಧಾನವಾಗಿ ಅಂಡರ್‌ಸ್ಟೇಬಲ್ ಆಗುತ್ತ ಹೋಗುತ್ತದೆ. ಮೊದಲು ಬದಲಾಗುವುದು ಟರ್ನ್; ಫೇಡ್ ಅದಕ್ಕಿಂತ ತಡವಾಗಿ, ನಿಧಾನವಾಗಿ ಕರಗುತ್ತದೆ. ಡಿಎಕ್ಸ್ ಡ್ರೈವರ್‌ನಲ್ಲಿ ಈ ಬದಲಾವಣೆ ಮರಗಳ ನಡುವಿನ ಕೆಲವೇ ಸುತ್ತುಗಳಲ್ಲಿ ಗೋಚರವಾದರೆ, ಸ್ಟಾರ್ ಬಗೆಯಲ್ಲಿ ತಿಂಗಳುಗಟ್ಟಲೆ ಬೇಕಾಗುತ್ತದೆ, ಚಾಂಪಿಯನ್ ಬಗೆಯಲ್ಲಿ ಅದಕ್ಕೂ ಹೆಚ್ಚು. ಪಳಗಿದ ಸ್ಟಾರ್ ಡಿಸ್ಕ್‌ಗಳನ್ನು ಅನುಭವಿಗಳು ಜತನದಿಂದ ಕಾಪಾಡುವುದು ಇದೇ ಕಾರಣಕ್ಕೆ: ಬಹಳ ದೂರ ನೇರವಾಗಿ ಸಾಗಿ, ಕೊನೆಗೆ ಮಾತ್ರ ಸ್ವಲ್ಪ ಎಡಕ್ಕೆ ಬಾಗುವ ಆ ಹಾರಾಟವನ್ನು ಹೊಸ ಡಿಸ್ಕಿನಿಂದ ಪಡೆಯುವುದು ಕಷ್ಟ.

ಇದರಿಂದ ಹೊರಡುವ ಒಂದು ತೀರ್ಮಾನ ಪ್ರಚಲಿತ ಸಲಹೆಗೆ ಸ್ವಲ್ಪ ವಿರುದ್ಧವಾದದ್ದು. ಹೊಸಬರು ಎಲ್ಲವನ್ನೂ ಮೂಲ ದರ್ಜೆಯಲ್ಲೇ ಕೊಳ್ಳಲಿ, ಹೇಗೂ ಕಳೆದುಹೋಗುತ್ತವೆ ಎಂದು ಹಲವರು ಹೇಳುತ್ತಾರೆ. ಬಾಸ್ಕೆಟ್ಟಿನ ಬಳಿ ಎಸೆಯುವ ಪಟರ್‌ಗೆ ಆ ಮಾತು ಸರಿ, ಅಲ್ಲಿ ಹಿಡಿತ ಮುಖ್ಯ, ಪೆಟ್ಟಿನ ವೇಗ ಕಡಿಮೆ. ಡ್ರೈವರ್‌ಗೆ ಅದು ಒಪ್ಪುವುದಿಲ್ಲ. ಎಸೆತ ಇನ್ನೂ ಸ್ಥಿರವಾಗದ ಹೊತ್ತಿನಲ್ಲಿ ಡಿಸ್ಕೂ ವಾರವಾರಕ್ಕೆ ಬದಲಾಗುತ್ತಿದ್ದರೆ, ಬಲಕ್ಕೆ ಹೋದ ಎಸೆತದಲ್ಲಿ ದೋಷ ಕೈಯದೋ ಡಿಸ್ಕಿನದೋ ಎಂದು ಬೇರ್ಪಡಿಸಲು ಬರುವುದಿಲ್ಲ. ಇದಕ್ಕೊಂದು ಅಪವಾದ ಉಂಟು. ತೋಳು ನಿಧಾನವಿದ್ದು, ಯಾವ ಡಿಸ್ಕೂ ಟರ್ನ್ ಆಗದೆ ಎಲ್ಲವೂ ಎಡಕ್ಕೇ ಬೀಳುತ್ತಿದ್ದರೆ, ಬೇಗ ಪಳಗುವ ಡಿಎಕ್ಸ್ ಲೆಪರ್ಡ್‌ನಂಥ ಡಿಸ್ಕ್ ಅವರ ಪಾಲಿಗೆ ದಿನದಿನಕ್ಕೆ ಸುಲಭವಾಗುತ್ತ ಹೋಗುತ್ತದೆ.

ಯಾವ ಕೆಲಸಕ್ಕೆ ಯಾವುದು

ಮೊದಲ ಡ್ರೈವರ್ ಎಂದಾಗ ನಾನು ಟೀಬರ್ಡ್ ಮತ್ತು ಲೆಪರ್ಡ್‌ಗಳನ್ನು ಪಕ್ಕಪಕ್ಕದಲ್ಲಿಡುತ್ತೇನೆ. ಟೀಬರ್ಡ್‌ನ ಅಂಕಿಗಳು 7, 5, 0, 2. ಲೆಪರ್ಡ್‌ನವು 6, 5, -2, 1. ಟೀಬರ್ಡ್ ನೇರವಾಗಿ ಹೋಗಿ ನಂಬಿಕೆಗೆ ತಕ್ಕಂತೆ ಎಡಕ್ಕೆ ಇಳಿಯುತ್ತದೆ, ಆದರೆ ನಿಧಾನದ ತೋಳಿಗೆ ಆ ನೇರ ಭಾಗವೇ ಸಿಗುವುದಿಲ್ಲ. ಲೆಪರ್ಡ್ ಅದೇ ತೋಳಿನಿಂದ ನೇರವಾಗಿಯೂ, ತೋಳು ಬೆಳೆದ ಮೇಲೆ ಬಲಕ್ಕೆ ತಿರುಗುವ ದಾರಿಗಳಿಗೂ ಒದಗುತ್ತದೆ. ಆದ್ದರಿಂದ ಮೊದಲು ಲೆಪರ್ಡ್, ಸ್ಟಾರ್‌ನಂಥ ಪ್ಲಾಸ್ಟಿಕ್ಕಿನಲ್ಲಿ. ಅದು ಅತಿಯಾಗಿ ಬಲಕ್ಕೆ ವಾಲತೊಡಗಿದಾಗ ಟೀಬರ್ಡ್, ಅದೂ ಚಾಂಪಿಯನ್‌ನಲ್ಲಿ. ಲ್ಯಾಟಿಟ್ಯೂಡ್ 64ರ ರಿವರ್ ಅಂಕಿಗಳಲ್ಲಿ 7, 7, -1, 1. ಗ್ಲೈಡ್ 7 ಎಂಬುದು ತೇಲುವ ಆಸೆಯಿರುವವರಿಗೆ ಹಿಡಿಸುತ್ತದೆ, ಗಾಳಿಯಿರುವ ದಿನ ಅದೇ ಗುಣ ಕಾಟವಾಗುತ್ತದೆ. ಅದೇ ಕಂಪನಿಯ ಡೈಮಂಡ್, 8, 6, -3, 1, ಹಗುರ ತೂಕಗಳಲ್ಲಿ ಬರುವುದರಿಂದ ಮಕ್ಕಳಿಗೂ ನಿಧಾನವಾಗಿ ಎಸೆಯುವವರಿಗೂ ಒಳ್ಳೆಯ ಆರಂಭ.

9 ಸ್ಪೀಡಿನ ಮಟ್ಟದಲ್ಲಿ ಆಯ್ಕೆ ಅತಿ ಶ್ರೀಮಂತವಾಗಿದೆ. ವಾಲ್ಕೈರಿ 9, 4, -2, 2. ಥಂಡರ್‌ಬರ್ಡ್ 9, 5, 0, 2. ಸೈಡ್‌ವೈಂಡರ್ 9, 5, -3, 1. ರೋಡ್‌ರನ್ನರ್ 9, 5, -4, 1. ಡಿಸ್ಕ್ರಾಫ್ಟ್‌ನ ಹೀಟ್ 9, 6, -3, 1. ಒಂದೇ ಸ್ಪೀಡಿನ ಈ ಐದರಲ್ಲಿ ಮೂರು ಅತಿ ಸುಲಭವಾಗಿ ಬಲಕ್ಕೆ ವಾಲುವಂಥವು. ಅಂಥ ಅಂಡರ್‌ಸ್ಟೇಬಲ್ ಡ್ರೈವರ್‌ಗಳನ್ನು ಮೂಲ ದರ್ಜೆಯಲ್ಲಿ ಕೊಳ್ಳುವುದನ್ನು ನಾನು ಸಲಹೆ ಮಾಡುವುದಿಲ್ಲ, ಈಗಾಗಲೇ ತುದಿಯಲ್ಲಿರುವ ಡಿಸ್ಕ್ ಸ್ವಲ್ಪ ಸವೆದರೂ ನೆಲಕ್ಕೆ ಬಿದ್ದು ಉರುಳುವುದಕ್ಕೆ ಬಿಟ್ಟು ಬೇರಾವುದಕ್ಕೂ ಉಳಿಯುವುದಿಲ್ಲ. ಪ್ರೀಮಿಯಂ ಪ್ಲಾಸ್ಟಿಕ್ಕಿನಲ್ಲಿ, ಹೊರ ಅಂಚನ್ನು ಕೆಳಕ್ಕೆ ವಾಲಿಸಿ, ಅಂದರೆ ಹೈಜರ್ ಕೋನದಲ್ಲಿ ಬಿಟ್ಟರೆ, ಅವು ಗಾಳಿಯಲ್ಲಿ ಸಮತಟ್ಟಾಗಿ ಎದ್ದು ನಿಂತು ದೂರಕ್ಕೆ ಸಾಗುತ್ತವೆ. ಸಾಧಾರಣ ತೋಳಿಗೆ ಅತಿ ಹೆಚ್ಚು ದೂರ ಸಿಗುವುದು 12 ಸ್ಪೀಡಿನ ಡಿಸ್ಕಿನಿಂದಲ್ಲ, ಈ ಎಸೆತದಿಂದ.

ಇನ್ನೊಂದು ತುದಿಯಲ್ಲಿ ಫೈರ್‌ಬರ್ಡ್, 9, 3, 0, 4. ಇದು ದೂರದ ಡಿಸ್ಕಲ್ಲ. ಎದುರುಗಾಳಿಗೆ, ಮರಗಳನ್ನು ಸುತ್ತಿ ಎಡಕ್ಕೆ ಇಳಿಸುವುದಕ್ಕೆ, ಫೋರ್‌ಹ್ಯಾಂಡ್‌ನಲ್ಲಿ ಮಣಿಕಟ್ಟಿನ ತಿರುಚನ್ನು ತಾಳಿಕೊಳ್ಳುವುದಕ್ಕೆ. ಓವರ್‌ಸ್ಟೇಬಲ್ ಆಗಿಯೇ ಉಳಿಯಬೇಕಾದ ಡಿಸ್ಕ್ ಆದ್ದರಿಂದ ಚಾಂಪಿಯನ್ ಬಗೆಯೇ ಇದಕ್ಕೆ ಸರಿ. ಬೇಗ ಮೆತ್ತಗಾಗುವ ಪ್ಲಾಸ್ಟಿಕ್ಕಿನ ಫೈರ್‌ಬರ್ಡ್ ತನ್ನ ಕೆಲಸವನ್ನೇ ಮರೆತ ಡಿಸ್ಕ್.

ಡಿಸ್ಟೆನ್ಸ್ ಡ್ರೈವರ್‌ಗಳಲ್ಲಿ ರೇತ್ 11, 5, -1, 3. ಡೆಸ್ಟ್ರಾಯರ್ 12, 5, -1, 3. ಬಾಸ್ 13, 5, -1, 3. ಕಾಗದದ ಮೇಲೆ ಇವುಗಳ ನಡುವೆ ಸ್ಪೀಡ್ ಬಿಟ್ಟು ಬೇರೆ ವ್ಯತ್ಯಾಸವಿಲ್ಲ, ಆಟದಲ್ಲಿ ಇದೆ. ಬೇಕಾದ ವೇಗ ಸಿಗದಿದ್ದರೆ ಸ್ಪೀಡ್ ಹೆಚ್ಚಿದಂತೆ ಅದೇ -1 ಟರ್ನ್ ಇನ್ನಷ್ಟು ದೂರ ಸರಿದು, ಅದೇ 3 ಫೇಡ್ ಇನ್ನಷ್ಟು ಮುಂಚೆ ಬಂದು ಕೂರುತ್ತದೆ. ಡೆಸ್ಟ್ರಾಯರ್ ಬಯಸುವ ಹೆಚ್ಚಿನವರಿಗೆ ರೇತ್ ಸಾಕಾಗುತ್ತದೆ, ಅನೇಕರಿಗೆ ಅದೇ ಹೆಚ್ಚು ದೂರ ಹೋಗುತ್ತದೆ. ಇಲ್ಲಿ ಸ್ಟಾರ್ ಬಗೆಯೇ ನನ್ನ ಆಯ್ಕೆ, ಏಕೆಂದರೆ ಅಗಲ ರಿಮ್ಮಿಗೆ ಹಿಡಿತ ಬೇಕು, ನಿಧಾನವಾಗಿ ಪಳಗುವ ಗುಣವೂ ಇಲ್ಲಿ ಲಾಭವೇ.

ತೂಕ, ಗಾಳಿ, ಚಳಿ

ಪಿಡಿಜಿಎ ನಿಯಮದಲ್ಲಿ ವ್ಯಾಸದ ಪ್ರತಿ ಸೆಂಟಿಮೀಟರಿಗೆ 8.3 ಗ್ರಾಂ ಮೀರುವಂತಿಲ್ಲ. ಡ್ರೈವರ್‌ಗಳ ವ್ಯಾಸ ಸುಮಾರು 21.1 ಸೆಂಟಿಮೀಟರ್ ಇರುವುದರಿಂದ ಅವುಗಳ ಗರಿಷ್ಠ ತೂಕ 175 ಗ್ರಾಂ ಸುತ್ತ ನಿಲ್ಲುತ್ತದೆ. ಹಗುರ ಡಿಸ್ಕನ್ನು ಹೆಚ್ಚು ವೇಗದಿಂದ ಬಿಡಬಹುದು, ಅದು ಸುಲಭವಾಗಿ ಟರ್ನ್ ಆಗುತ್ತದೆ, ಗಾಳಿಗೂ ಅಷ್ಟೇ ಸುಲಭವಾಗಿ ಈಡಾಗುತ್ತದೆ. ತೋಳು ಬೆಳೆಯುವವರೆಗೆ 160ರಿಂದ 168 ಗ್ರಾಂ ಸಾಕು. ಗಾಳಿಗುಳ್ಳೆ ತುಂಬಿದ ಬ್ಲಿಝರ್ಡ್ ಬಗೆಗಳಲ್ಲಿ ತೂಕ ಇದಕ್ಕೂ ಕೆಳಗೆ ಇಳಿಯುತ್ತದೆ, ಅತಿ ಹಗುರವಾದವು ನೀರಿನ ಮೇಲೆ ತೇಲುತ್ತವೆ. ಕೆರೆಯ ಮೇಲೆ ದಾಟಿಸಬೇಕಾದ ಎಸೆತಕ್ಕೆ ಅದು ಸಣ್ಣ ಅನುಕೂಲವಲ್ಲ.

ಎದುರುಗಾಳಿಯಲ್ಲಿ ಡಿಸ್ಕಿಗೆ ತಗಲುವ ಗಾಳಿಯ ವೇಗ ಹೆಚ್ಚುತ್ತದೆ, ಆದ್ದರಿಂದ ಎಲ್ಲ ಡಿಸ್ಕ್‌ಗಳೂ ತಮ್ಮ ಅಂಕಿಗಿಂತ ಹೆಚ್ಚು ಅಂಡರ್‌ಸ್ಟೇಬಲ್ ಆಗಿ ವರ್ತಿಸುತ್ತವೆ. ಬೆನ್ನುಗಾಳಿಯಲ್ಲಿ ಇದರ ವಿರುದ್ಧ. ಎತ್ತರದ ಪ್ರದೇಶದ ತೆಳು ಗಾಳಿಯಲ್ಲೂ ಡಿಸ್ಕ್‌ಗಳು ಹೆಚ್ಚು ಓವರ್‌ಸ್ಟೇಬಲ್ ಆಗಿ ಕಾಣುತ್ತವೆ. ಚಳಿಯಲ್ಲಿ ಪ್ರೀಮಿಯಂ ಪ್ಲಾಸ್ಟಿಕ್ ಗಟ್ಟಿಯಾಗಿ ಜಾರತೊಡಗುತ್ತದೆ, ಮೂಲ ದರ್ಜೆಯದು ಪೆಟ್ಟಿಗೆ ಬಿರುಕು ಬಿಡಬಹುದು; ಅಂಥ ಹವೆಯಲ್ಲಿ ಆಡುವವರು ಒಂದು ಜಿಸ್ಟಾರ್ ಅಥವಾ ಝಡ್ ಫ್ಲೆಕ್ಸ್ ಇಟ್ಟುಕೊಳ್ಳಬೇಕು. ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಯಾವ ಡಿಸ್ಕನ್ನೂ ಬಿಡಬಾರದು, ಮೆತ್ತಗಾಗಿ ಆಕಾರ ಕೆಡುತ್ತದೆ.

ಎರಡನೆಯ ಡ್ರೈವರ್ ಕೊಳ್ಳುವ ಹೊತ್ತು ಬಂದಾಗ ಹೊಸ ಅಚ್ಚನ್ನು ಹುಡುಕುವ ಮೊದಲು, ಈಗಾಗಲೇ ಚೆನ್ನಾಗಿ ಬಲ್ಲ ಅಚ್ಚನ್ನೇ ಬೇರೆ ಪ್ಲಾಸ್ಟಿಕ್ಕಿನಲ್ಲಿ ತೆಗೆದುಕೊಂಡು ನೋಡುವುದು ಒಳ್ಳೆಯದು. ಪಳಗಿದ ಸ್ಟಾರ್ ಲೆಪರ್ಡ್ ಜೊತೆಗೆ ಹೊಸ ಚಾಂಪಿಯನ್ ಲೆಪರ್ಡ್ ಇದ್ದರೆ ಕೈಗೆ ಒಂದೇ ರಿಮ್ಮಿನ ಸ್ಪರ್ಶ, ಆಕಾಶದಲ್ಲಿ ಎರಡು ದಾರಿ ಸಿಗುತ್ತವೆ. ಕೊಳ್ಳುವಾಗ ತೂಕ ಎರಡಕ್ಕೂ ಹತ್ತಿರಹತ್ತಿರ ಇರಲಿ, ಇಲ್ಲದಿದ್ದರೆ ವ್ಯತ್ಯಾಸ ಪ್ಲಾಸ್ಟಿಕ್ಕಿನದೋ ತೂಕದ್ದೋ ಎಂದು ಹೇಳಲಾಗುವುದಿಲ್ಲ. ಪಾರದರ್ಶಕ ಹಸಿರು ಮತ್ತು ಕಂದು ಬಣ್ಣಗಳನ್ನು ಮಾತ್ರ ಬಿಟ್ಟುಬಿಡಿ. ಹುಲ್ಲಿನಲ್ಲಿ ಬಿದ್ದ ಅಂಥ ಡಿಸ್ಕ್ ಎಷ್ಟೇ ಬಾಳಿಕೆಯದಾದರೂ ಕಣ್ಣಿಗೆ ಬೀಳುವುದಿಲ್ಲ.